ಖಂಡೇನವಮಿಯ ತಟ್ಟೆಯಲ್ಲಿ ಎರಡು ಕಾರ್ಡು

ನಮ್ಮ ಕೆಲಸದಲ್ಲಿ ಒಳ್ಳೆಯ ಸುದ್ದಿ ಹೇಳಲು ಯಾರೂ ಫೋನು ಮಾಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಈ ದಾರಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಅರ್ಧ ಪಾಠ ಮುಗಿದಂತೆ. ಮೂವತ್ತು ವರ್ಷದ ಮೇಲೆ ಪುಣೆಯ ಒಂದು ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ದುಡಿದೆ. ಗಾಡಿಗಳ ಬ್ರೇಕಿಗೆ ಬೇಕಾಗುವ ಸಣ್ಣ ಸಣ್ಣ ಭಾಗಗಳನ್ನು ಮಾಡುವ ಕಂಪನಿ. ಆಫೀಸು ವಿಮಾನ ನಗರದಲ್ಲಿ, ಕಾರ್ಖಾನೆ ಚಾಕಣದಲ್ಲಿ, ನಾನು ಬಹುಪಾಲು ಇವೆರಡರ ನಡುವಿನ ರಸ್ತೆಯಲ್ಲಿ. ಅಷ್ಟು ವರ್ಷಗಳಲ್ಲಿ ಒಬ್ಬರಾದರೂ ಫೋನು ಮಾಡಿ, ಹಿರೇಮಠ ಕಾಕಾ, ಮಷೀನು ಚೆನ್ನಾಗಿ ನಡೆದಿದೆ ಎನ್ನಲಿಲ್ಲ. ಮನೆಯಲ್ಲಿ ಕುಳಿತು ಎರಡು ವರ್ಷವಾಯಿತು. ಈಗಲೂ ಬೆಳಿಗ್ಗೆ ಒಂಬತ್ತರೊಳಗೆ ಫೋನು ಬಡಿದುಕೊಂಡರೆ ಕೈ ತಾನಾಗಿ ಪೆನ್ನು ಹುಡುಕುತ್ತದೆ.

ಕೊನೆಯ ಹತ್ತು ವರ್ಷ ನನ್ನ ಪಾಲಿಗೆ ಬಂದದ್ದು ಬೀಗದ ಕೆಲಸ. ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ ಇರುವುದನ್ನೆಲ್ಲ ಗುಪ್ತಲಿಪಿಯಾಗಿ ಮಾಡಿಬಿಡುವುದು. ಕಳ್ಳ ಮಷೀನು ಒಯ್ದರೂ ಅವನಿಗೆ ಸಿಗುವುದು ಹಿಡಿ ಬೂದಿ. ಮಷೀನು ಚಾಲೂ ಮಾಡಿದ ಕೂಡಲೇ, ಇನ್ನೂ ಏನೂ ತೆರೆಯುವ ಮೊದಲು, ಕಪ್ಪು ಪರದೆಯ ಮೇಲೆ ಒಂದು ಸಾಲು ಬರುತ್ತದೆ: ಕಾರ್ಡು ಹಾಕು, ಪಿನ್ ಒತ್ತು. ಬ್ಯಾಂಕಿನ ಕಾರ್ಡಿನಂಥದೇ ಕಾರ್ಡು, ಮೂಲೆಯಲ್ಲಿ ಬಂಗಾರದ ಬಣ್ಣದ ಚಿಪ್ಪು. ಡಿಸ್ಕು ತೆರೆಯುವ ಕೀಲಿ ಆ ಚಿಪ್ಪಿನ ಹೊಟ್ಟೆಯಲ್ಲಿ. ಪಿನ್ ಸರಿ ಇದ್ದರೆ ಡಿಸ್ಕು ಬಾಯಿ ಬಿಡುತ್ತದೆ. ಮೂರು ಸಲ ತಪ್ಪಿದರೆ ಕಾರ್ಡು ಮುನಿಸಿಕೊಳ್ಳುತ್ತದೆ. ಅದರ ಮುನಿಸು ಬಿಡಿಸಲು ಇನ್ನೊಂದು ಸಂಖ್ಯೆ ಇರುತ್ತದೆ, ಅದು ನಮ್ಮ ವಿಭಾಗದ ಪಟ್ಟಿಯಲ್ಲಿ ಮಾತ್ರ. ಅದನ್ನೂ ಮೂರು ಸಲ ತಪ್ಪಾಗಿ ಒತ್ತಿದಿರೋ, ಕಾರ್ಡು ಸತ್ತ ಹಾಗೆ. ಒಳಗಿನ ಕೀಲಿಯನ್ನು ಬ್ರಹ್ಮ ಬಂದರೂ ಹೊರಗೆ ತೆಗೆಯಲಾರ. ಅದಕ್ಕಾಗಿಯೇ ಅಲ್ಲವೇ ಅಂಥ ಕಾರ್ಡು ತಂದದ್ದು.

ನಮ್ಮ ಅಜ್ಜ ಬಾಗಲಕೋಟೆ ಕಡೆಯಿಂದ ಹತ್ತಿಯ ಅಡತಿ ಅಂಗಡಿಯ ಗುಮಾಸ್ತನಾಗಿ ಪುಣೆಗೆ ಬಂದವನು. ಹೊರಗೆ ಮರಾಠಿ, ಹೊಸ್ತಿಲ ಒಳಗೆ ಕನ್ನಡ. ನನಗೆ ಕನ್ನಡ ಬಂದದ್ದು ಶಾಲೆಯಿಂದಲ್ಲ, ಅಜ್ಜಿಯ ಬೈಗುಳದಿಂದ. ಅಜ್ಜಿಯ ಕಟ್ಟಿಗೆಯ ಪೆಟ್ಟಿಗೆಗೆ ಎರಡು ಕೀಲಿ ಇದ್ದವು. ಒಂದು ಅವಳ ಟೊಂಕದಲ್ಲಿ, ಇನ್ನೊಂದು ಎಲ್ಲಿ ಎಂಬುದು ಅಜ್ಜನಿಗೆ ಮಾತ್ರ ಗೊತ್ತು. ಎರಡು ಯಾಕೆ ಎಂದು ಕೇಳಿದರೆ, "ಕೀಲಿ ಒಂದ ಇದ್ರ ಅಂಜಬೇಕಾದಾಂವ ಕಳ್ಳ ಅಲ್ಲೋ ತಮ್ಮಾ, ಮನ್ಯಾಗಿನವ್ರು" ಎನ್ನುತ್ತಿದ್ದಳು. ಡಿಸ್ಕಿನ ಬೀಗದ ಶಾಸ್ತ್ರವೂ ಇಷ್ಟೇ. ಕಾರ್ಡಿನ ಕೀಲಿಯಲ್ಲದೆ ಎರಡನೆಯದೊಂದು ಮಾಡಿಡಬೇಕು: ಉದ್ದನೆಯ ಸಂಕೇತಪದ, ಕಾಗದದ ಮೇಲೆ ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ಆಫೀಸಿನ ತಿಜೋರಿಯಲ್ಲಿ. ಐದು ವರ್ಷದ ಮಗುವಾಗಿ ತಿಳಿದುಕೊಂಡದ್ದನ್ನು ಐವತ್ತೈದರಲ್ಲಿ ಮರೆತೆ. ಆ ಕಥೆಗೆ ಬರುತ್ತೇನೆ.

ಕಾರ್ಡು ಬಂದ ಹೊಸದರಲ್ಲಿ ಎಲ್ಲರೂ ಅದನ್ನು ತಮ್ಮ ತಮ್ಮ ಬುದ್ಧಿಯಂತೆ ಉಪಯೋಗಿಸಿದರು. ಒಬ್ಬ ಮಹಾಶಯ ಅದರಿಂದ ಸ್ಟಿಕ್ಕರು ಕೆರೆದ. ಒಬ್ಬಾಕೆ ಕಳೆದೀತೆಂದು ತೂತು ಕೊರೆದು ದಾರ ಪೋಣಿಸಿದಳು, ತೂತು ಬಿದ್ದದ್ದು ಸರಿಯಾಗಿ ಚಿಪ್ಪಿನ ಮೇಲೆ. ಮಾರಾಟ ವಿಭಾಗದ ದೊಡ್ಡ ಸಾಹೇಬರೊಬ್ಬರು ಲೋಣಾವಳಾದ ಹೋಟೆಲಿನಿಂದ ಫೋನು ಮಾಡಿ, ಡಿಸ್ಕು ತೆರೆಯುತ್ತಿಲ್ಲ, ಹನ್ನೊಂದಕ್ಕೆ ಗಿರಾಕಿಗಳು ಬರುತ್ತಾರೆ, ನಿಮ್ಮ ಕಾರ್ಡಿನಿಂದಾಗಿ ನನ್ನ ಮಾನ ಹೋಗುತ್ತದೆ ಎಂದು ಕೂಗಾಡಿದರು. ಚಿಪ್ಪನ್ನು ಒರೆಸಿರಿ ಎಂದೆ, ಒರೆಸಿದ್ದೇನೆ ಎಂದರು. ತಿರುಗಿಸಿ ಹಾಕಿರಿ ಎಂದೆ. ನಾನೇನು ಸಣ್ಣ ಹುಡುಗನೇ ಎಂದರು. ಶಿವಾಜಿನಗರದಿಂದ ಲೋಕಲ್ ರೈಲು ಹಿಡಿದು, ಛತ್ರಿ ತಿರುಗಿ ಹೋಗುವ ಆ ಮಳೆಯಲ್ಲಿ ಒದ್ದೆ ಬೆಕ್ಕಾಗಿ ಹೋಟೆಲು ಮುಟ್ಟಿದೆ. ಕಾರ್ಡು ತೆಗೆದೆ, ಮಗುಚಿ ಹಾಕಿದೆ. ಡಿಸ್ಕು ತೆರೆಯಿತು. ಅವರು ಕಿಟಕಿಯ ಹೊರಗೆ ನೋಡುತ್ತ, ಈ ಊರಿನ ಹವೆ ಕಾರ್ಡಿಗೆ ಒಗ್ಗುವುದಿಲ್ಲ ಎಂದು ಕಾಣುತ್ತದೆ ಎಂದರು. ಹೌದು ಸರ್ ಎಂದೆ. ಬರುವಾಗ ಒಂದು ಪಾಕೀಟು ಶೇಂಗಾ ಚಿಕ್ಕಿ ಕೈಗಿತ್ತರು. ಮನೆಗೆ ತಂದು ತೆರೆದರೆ ಅದೂ ಮೆತ್ತಗಾಗಿತ್ತು.

ಅಂಥ ಕೆಲಸ ಮುಗಿದ ಮೇಲೆ ದೂರಿನ ಫಾರ್ಮು ತುಂಬಬೇಕು. ಅದರಲ್ಲಿ 'ಕಾರಣ' ಎಂಬ ಮನೆ ಇದೆ. ನಾವು ಅಲ್ಲಿ ಬರೆಯುತ್ತಿದ್ದದ್ದು ಹೆಚ್ಚಾಗಿ ಒಂದೇ: ಯೂಸರ್ ಎರರ್. ಅಂದರೆ ಮಷೀನಿನದಲ್ಲ, ನಮ್ಮದಲ್ಲ, ಉಪಯೋಗಿಸಿದವನ ತಪ್ಪು. ಬರೆದು ಬರೆದು ಕೈಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಪೆನ್ನು ಅಲ್ಲಿಗೆ ಮುಟ್ಟಿದರೆ ತಾನೇ ಬರೆಯುತ್ತಿತ್ತು. ಆದರೆ ಲೋಣಾವಳಾದ ಸಾಹೇಬರ ಫಾರ್ಮಿನಲ್ಲಿ 'ಹವಾಮಾನ' ಎಂದು ಬರೆದೆ. ದೊಡ್ಡವರ ತಪ್ಪಿಗೆ ಹವಾಮಾನ, ಸಣ್ಣವರ ತಪ್ಪಿಗೆ ಯೂಸರ್ ಎರರ್. ಇದೂ ಕೆಲಸದ ಒಂದು ಪಾಠವೇ, ಕಲಿಯಬಾರದ ಪಾಠ.

ಇನ್ನು ಸಿದ್ರಾಮಪ್ಪನ ಮಾತು.

ಸಿದ್ರಾಮಪ್ಪ ಚಾಕಣದ ಕಾರ್ಖಾನೆಯಲ್ಲಿ ಅಳತೆಯ ಕೋಣೆಯವನು. ತಯಾರಾದ ಮಾಲಿನಿಂದ ಮಾದರಿ ಎತ್ತಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಅಳೆದು, ಲ್ಯಾಪ್‌ಟಾಪಿನಲ್ಲಿ ದಾಖಲೆ ಮಾಡುವುದು ಅವನ ಕೆಲಸ. ಊರು ಯಾದಗಿರಿಯ ಕಡೆ. ಅದೇ ಕಾರ್ಖಾನೆಯ ಗೋಡೆ ಏಳುವಾಗ ಅವನ ಅವ್ವ ತಲೆಯ ಮೇಲೆ ಉಸುಕಿನ ಬುಟ್ಟಿ ಹೊತ್ತವಳು. ಇವನು ಕೂಲಿಯಾಗಿ ಒಳಗೆ ಬಂದು, ಸಂಜೆ ಐಟಿಐ ಕಲಿತು, ಮೈಕ್ರೋಮೀಟರು ಹಿಡಿಯುವವರೆಗೆ ಏರಿದ್ದ. ನಾಲ್ಕು ಮಂದಿಯಲ್ಲಿದ್ದಾಗ ನನ್ನನ್ನು ಸಾಹೇಬ್ರ ಎನ್ನುತ್ತಿದ್ದ. ಇಬ್ಬರೇ ಇದ್ದಾಗ ಅಣ್ಣಾರ.

ಆ ವರ್ಷ ನಮ್ಮ ಮೇಲಧಿಕಾರಿ ಪರಾಂಜಪೆ ಸಾಹೇಬರು ಭದ್ರತೆಯ ಹೊಸ ನಿಯಮಗಳನ್ನು ತಂದರು. ಕೆಟ್ಟ ಮನುಷ್ಯರಲ್ಲ ಅವರು. ಆದರೆ ನಿಯಮವನ್ನು ಕಾಗದದ ಮೇಲೆ ಬರೆದ ಕೂಡಲೇ ಅದು ಚಾಕಣದಲ್ಲಿ ಆಗಿಬಿಟ್ಟಿತು ಎಂದು ನಂಬುವವರು. ಪೆನ್‌ಡ್ರೈವು ಬಂದ್. ಹಳೆಯ ಪಾಸ್‌ವರ್ಡ್ ಬಂದ್. ಇನ್ನು ಮೇಲೆ ಕಾರ್ಡು ಮಾತ್ರ. ಅಳತೆಯ ಕೋಣೆ ಇದ್ದದ್ದು ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ. ಅಲ್ಲಿಗೆ ನೆಟ್‌ವರ್ಕಿನ ತಂತಿ ಇನ್ನೂ ಎಳೆದಿರಲಿಲ್ಲ. ಅಲ್ಲಿಯ ದಾಖಲೆಗಳನ್ನು ಅಲ್ಲಿಯತನಕ ನಾನೇ ಪೆನ್‌ಡ್ರೈವಿನಲ್ಲಿ ತಂದು ಆಫೀಸಿನ ದೊಡ್ಡ ಮಷೀನಿಗೆ ಹಾಕುತ್ತಿದ್ದೆ. ಅದು ನಿಂತ ಮೇಲೆ ಅವನು ಅಳೆದದ್ದೆಲ್ಲ ಆ ಒಂದು ಲ್ಯಾಪ್‌ಟಾಪಿನಲ್ಲೇ ಉಳಿಯಿತು. ತಂತಿ ಎಳೆಯುವ ಅರ್ಜಿ ನನ್ನ ಮೇಜಿನ ಮೇಲೆ, ಇನ್ನೊಂದು ಅರ್ಜಿಯ ಕೆಳಗೆ.

ಹೋಳಿ ಹುಣ್ಣಿಮೆ ಆದ ವಾರ ಚಾಕಣಕ್ಕೆ ಹೋಗಿ ಆರು ಲ್ಯಾಪ್‌ಟಾಪುಗಳಿಗೆ ಕಾರ್ಡು ಹೊಂದಿಸಿದೆ. ಸಿದ್ರಾಮಪ್ಪನದು ಕೊನೆಯದು. ಹಳೆಯ ಪಾಸ್‌ವರ್ಡ್ ಅಳಿಸಿದೆ, ಕಾರ್ಡಿನ ಕೀಲಿ ಹಾಕಿದೆ, ತೆರೆದು ನೋಡಿದೆ, ತೆರೆಯಿತು. ಎರಡನೆಯ ಕೀಲಿ ಹಾಕಬೇಕು ಎನ್ನುವಾಗ ಹೊರಗೆ ಕಂಪನಿಯ ಬಸ್ಸಿನ ಹಾರ್ನು. ಆ ಬಸ್ಸು ತಪ್ಪಿದರೆ ನಾಸಿಕ ರಸ್ತೆಯ ಟ್ರಾಫಿಕ್ಕಿನಲ್ಲಿ ಮೂರು ತಾಸು. ಮೊಣಕಾಲು ನೋಯುತ್ತಿತ್ತು. ಮುಂದಿನ ಸಲ ಬಂದಾಗ ಹಾಕಿದರಾಯಿತು ಎಂದುಕೊಂಡೆ. ಮುಂದಿನ ಸಲ ಬಂದದ್ದು ಬೇರೆ ಕೆಲಸಕ್ಕೆ, ಅದರ ಮುಂದಿನ ಸಲ ಇನ್ನೊಂದಕ್ಕೆ. ತಿಜೋರಿಯಲ್ಲಿ ನಾನು ಮೊದಲೇ ಬರೆದಿಟ್ಟ ಅವನ ಹೆಸರಿನ ಲಕೋಟೆ ಇತ್ತು. ಒಳಗೆ ಏನೂ ಇರಲಿಲ್ಲ. ಅದು ನನಗೊಬ್ಬನಿಗೆ ಗೊತ್ತಿತ್ತು, ನನಗೂ ಮರೆತಿತ್ತು.

ನವರಾತ್ರಿಯಲ್ಲಿ ಖಂಡೇನವಮಿ ಬಂತು. ನಮ್ಮ ಆಯುಧ ಪೂಜೆಯೇ. ಕಾರ್ಖಾನೆ ತೊಳೆದು, ಯಂತ್ರಗಳಿಗೆ ಚೆಂಡುಹೂವಿನ ಸರ ಹಾಕಿ, ಸುತ್ತಿಗೆ, ಪಾನಾ, ಮೈಕ್ರೋಮೀಟರು ಎಲ್ಲವನ್ನೂ ಸಾಲಾಗಿ ಇಟ್ಟು ಪೂಜಿಸುತ್ತಾರೆ. ಲ್ಯಾಪ್‌ಟಾಪಿಗೂ ಒಂದು ಹೂವು. ಆ ವರ್ಷ ಉಗ್ರಾಣದ ಪಾಟೀಲರಿಗೆ ಒಂದು ವಿಚಾರ ಹೊಳೆಯಿತು: ಕಾರ್ಡಿಲ್ಲದೆ ಮಷೀನು ಏಳುವುದಿಲ್ಲ ಎಂದ ಮೇಲೆ ಕಾರ್ಡೇ ನಿಜವಾದ ಆಯುಧವಲ್ಲವೇ? ಆರೂ ಮಂದಿ ಕಾರ್ಡು ತೆಗೆದು ಹಿತ್ತಾಳೆಯ ತಟ್ಟೆಯಲ್ಲಿಟ್ಟರು. ಅರಿಷಿಣ, ಕುಂಕುಮ, ಅಕ್ಷತೆ, ಕಲಶದ ನೀರು. ನಾನೂ ಆ ದಿನ ಅಲ್ಲೇ ಇದ್ದೆ, ಕೈ ಮುಗಿದೆ. ಪ್ರಸಾದದ ಪೇಢೆ ತಿಂದು ನಾಲ್ಕರ ಬಸ್ಸು ಹಿಡಿದೆ.

ಕಾರ್ಡುಗಳು ಬರಿ ಬಿಳಿ ಕಾರ್ಡು. ಯಾರದು ಯಾವುದೆಂದು ತಿಳಿಯಲು ನಾನೇ ಸ್ಕೆಚ್ ಪೆನ್ನಿನಿಂದ ಚೀಟಿಯ ಮೇಲೆ ಹೆಸರು ಬರೆದು ಅಂಟಿಸಿದ್ದೆ. ನೀರು ಬಿದ್ದು ಹೆಸರು ಹೋದವು. ಸಂಜೆ ತಟ್ಟೆಯಿಂದ ಒಬ್ಬೊಬ್ಬರೂ ಒಂದೊಂದು ಕಾರ್ಡು ಎತ್ತಿ, ಒರೆಸಿ, ಕಣ್ಣಿಗೊತ್ತಿಕೊಂಡು ಕಿಸೆಗೆ ಹಾಕಿದರು.

ದಸರೆಯ ಮರುದಿನ ಬೆಳಿಗ್ಗೆ ಪಾಟೀಲರ ಫೋನು. ಕಾಕಾ, ಮೂರು ಸಲ ಪಿನ್ ಒತ್ತಿದೆ, ಕಾರ್ಡು ಮುಚ್ಚಿಕೊಂಡಿತು. ನಾನು ಪಟ್ಟಿ ತೆಗೆದೆ, ಪಾಟೀಲ ಎಂಬ ಹೆಸರು ಹುಡುಕಿದೆ, ಅದರ ಮುಂದಿನ ಬಿಡುಗಡೆ ಸಂಖ್ಯೆ ಓದಿ ಹೇಳಿದೆ. ಆಗಲಿಲ್ಲ. ಸಾವಕಾಶ ಒತ್ತಿರಿ ಎಂದು ಒಂದೊಂದೇ ಅಂಕಿ ಹೇಳಿದೆ. ಆಗಲಿಲ್ಲ. ನೀವು ಎಲ್ಲೋ ತಪ್ಪು ಒತ್ತುತ್ತಿದ್ದೀರಿ, ಪಕ್ಕದವರ ಕೈಯಲ್ಲಿ ಕೊಡಿ ಎಂದು ಸ್ವಲ್ಪ ಬೈದೇ ಹೇಳಿದೆ. ಮೂರನೆಯದೂ ಆಯಿತು. ಪರದೆಯ ಮೇಲೆ ಏನು ಬಂತೆಂದು ಪಾಟೀಲರು ಅಕ್ಷರ ಅಕ್ಷರ ಓದಿದರು. ಕಾರ್ಡು ಸತ್ತಿತ್ತು. ಪೆನ್ನು ತೆಗೆದು ಫಾರ್ಮಿನಲ್ಲಿ ಯೂಸರ್ ಎರರ್ ಬರೆಯುವಷ್ಟರಲ್ಲಿ ಪಾಟೀಲರು, ಸಿದ್ರಾಮಪ್ಪನ ಕಾರ್ಡೂ ಬೆಳಿಗ್ಗೆ ಮುಚ್ಚಿಕೊಂಡಿದೆಯಂತೆ, ಪಾಪ ಬಾಗಿಲಲ್ಲಿ ನಿಂತಿದ್ದಾನೆ ಎಂದರು.

ಆಗ ತಿಳಿಯಿತು. ಕಾರ್ಡಿನ ಹಿಂದೆ ಇರುವೆ ಸಾಲಿನಂಥ ಅಂಕಿ ಇರುತ್ತವೆ, ಅವನ್ನು ಓದಿರಿ ಎಂದೆ. ಈ ಪ್ರಶ್ನೆಯನ್ನು ಮೊಟ್ಟಮೊದಲು ಕೇಳಬೇಕಾಗಿತ್ತು. ಪಾಟೀಲರು ಓದಿದರು. ಪಟ್ಟಿಯಲ್ಲಿ ಆ ಅಂಕಿಗಳ ಮುಂದೆ ಇದ್ದ ಹೆಸರು ಸಿದ್ರಾಮಪ್ಪ.

ಪಾಟೀಲರ ಕೈಯಲ್ಲಿದ್ದದ್ದು ಸಿದ್ರಾಮಪ್ಪನ ಕಾರ್ಡು, ಸಿದ್ರಾಮಪ್ಪನ ಕೈಯಲ್ಲಿದ್ದದ್ದು ಪಾಟೀಲರ ಕಾರ್ಡು. ನಾನು ಹೆಸರು ಕೇಳಿ ಸಂಖ್ಯೆ ಕೊಟ್ಟೆ, ಕಾರ್ಡು ಯಾವುದೆಂದು ಕೇಳಲಿಲ್ಲ. ಪಾಟೀಲರ ಕಾರ್ಡನ್ನು ಐದು ನಿಮಿಷದಲ್ಲಿ ಬದುಕಿಸಿದೆ. ಸಿದ್ರಾಮಪ್ಪನದು ಹೋಯಿತು. ಅದರೊಂದಿಗೆ ಡಿಸ್ಕೂ, ಡಿಸ್ಕಿನೊಳಗಿನ ಏಳು ತಿಂಗಳ ಅಳತೆಯೂ. ತಿಜೋರಿಯ ಲಕೋಟೆ ಹರಿದು ನೋಡಿದೆ. ಖಾಲಿ ಎಂದು ಗೊತ್ತಿದ್ದೂ ಹರಿದೆ. ಒಳಗೆ ಬೆರಳು ಹಾಕಿಯೂ ನೋಡಿದೆ.

ಮುಂದೆ ಹದಿನೈದು ದಿನಕ್ಕೆ ನಮ್ಮ ಮಾಲು ಕೊಳ್ಳುವ ಗಾಡಿ ಕಂಪನಿಯವರು ಪರಿಶೀಲನೆಗೆ ಬರುವವರಿದ್ದರು. ಅಳತೆಯ ದಾಖಲೆ ಎಲ್ಲಿ ಎಂಬುದೇ ಅವರ ಮೊದಲ ಪ್ರಶ್ನೆ. ದಾಖಲೆ ಇಲ್ಲ ಎಂದರೆ ಅಳೆದೇ ಇಲ್ಲ ಎಂದು ಅರ್ಥ. ಬ್ರೇಕಿನ ಭಾಗವನ್ನು ಅಳೆಯದೆ ಬಿಟ್ಟ ಮನುಷ್ಯನನ್ನು ಯಾವ ಕಾರ್ಖಾನೆಯೂ ಅಳತೆಯ ಕೋಣೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಒಂದು ದಾರಿ ಮಾತ್ರ ಇತ್ತು. ಪ್ರತಿ ಕಂತಿನ ಮಾಲಿನಿಂದ ಮೂರು ತುಂಡುಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ತೆಗೆದಿಡುವ ಪದ್ಧತಿ ಇತ್ತು. ಅವನ್ನೇ ಮತ್ತೆ ಅಳೆಯಬಹುದು. ಆದರೆ ಹೊಸ ಅಳತೆಗೆ ಹೊಸ ತಾರೀಖು ಬೀಳುತ್ತದೆ. ಹಳೆಯದು ಯಾಕೆ ಹೋಯಿತು ಎಂಬುದಕ್ಕೆ ನಂಬುವಂಥ ಕಾಗದ ಬೇಕು. ಅದು ನಮ್ಮ ವಿಭಾಗದ ವರದಿ. ಅದರಲ್ಲಿಯೂ 'ಕಾರಣ' ಎಂಬ ಮನೆ ಇತ್ತು.

ಪರಾಂಜಪೆ ಸಾಹೇಬರು ನನ್ನನ್ನು ಕೂರಿಸಿ ಚಹಾ ತರಿಸಿದರು. ಬೈಯುವಾಗ ಅವರು ಚಹಾ ತರಿಸುತ್ತಿರಲಿಲ್ಲ. ಮೆಲ್ಲಗೆ ಮರಾಠಿಯಲ್ಲಿ ಹೇಳಿದರು: "ಹಿರೇಮಠ, ಕಾರ್ಡು ಅವನ ಕೈಯಿಂದ ಹೋಯಿತು. ಬೇರೆಯವರ ಕಾರ್ಡು ಎತ್ತಿಕೊಂಡವನೂ ಅವನೇ. ಇದರಲ್ಲಿ ಸುಳ್ಳು ಏನಿದೆ?" ಸುಳ್ಳು ಏನೂ ಇರಲಿಲ್ಲ. ಹೊಸ ನಿಯಮ ತಂದು ಏಳೆಂಟು ತಿಂಗಳಲ್ಲಿ ವಿಭಾಗದ ಹೆಸರು ಕೆಟ್ಟರೆ ಅವರಿಗೂ ಕಷ್ಟ, ನನಗೂ ಕಷ್ಟ. ನನಗೆ ದಣಿವಾಗಿತ್ತು. ದಣಿದ ಮನುಷ್ಯ ಕೆಟ್ಟ ಕೆಲಸ ಮಾಡುವುದು ಕೆಟ್ಟತನದಿಂದಲ್ಲ, ಕುರ್ಚಿಯಿಂದ ಬೇಗ ಎದ್ದು ಹೋಗುವ ಆಸೆಯಿಂದ. ಯೂಸರ್ ಎರರ್ ಎಂದು ಬರೆದು ಸಹಿ ಮಾಡಿದೆ. ವರದಿ ಮರುದಿನ ಮೇಲೆ ಹೋಗಬೇಕಾಗಿತ್ತು.

ಮರುದಿನ ಹೊಸ ಕಾರ್ಡು, ಹೊಸ ಡಿಸ್ಕು ತೆಗೆದುಕೊಂಡು ಚಾಕಣಕ್ಕೆ ಹೋದೆ. ಸಿದ್ರಾಮಪ್ಪ ಅಳತೆಯ ಕೋಣೆಯಲ್ಲಿ ಒಬ್ಬನೇ ಕುಳಿತಿದ್ದ. ಬಟ್ಟೆಯ ಚೀಲಗಳನ್ನೆಲ್ಲ ಆಗಲೇ ತಂದು ಸಾಲಾಗಿ ಇಟ್ಟಿದ್ದ. ನನ್ನನ್ನು ಕಂಡು ಎದ್ದು, ಕಿಸೆಯಿಂದ ಬನ್ನಿ ಎಲೆ ತೆಗೆದು ಕೈಯಲ್ಲಿಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಎಂದು ಕಾಲು ಮುಟ್ಟಿದ. ದಸರೆ ಮುಗಿದಿದ್ದರೂ ನನಗೆಂದು ಒಂದು ಎಲೆ ಇಟ್ಟುಕೊಂಡಿದ್ದ. ಆಮೇಲೆ ಕುರ್ಚಿ ಎಳೆದು ನನ್ನ ಪಕ್ಕಕ್ಕೆ ಕುಳಿತ.

"ಅಣ್ಣಾರ, ಒಂದ್ ಮಾತ್ ಕೇಳ್ತೀನ್ರಿ. ನಾ ಎಲ್ಲಿ ತಪ್ಪು ಒತ್ತಿದ್ನಿ ಅಂತ ಒಮ್ಮಿ ತೋರಿಸಿ ಕೊಡ್ರಿ. ಮುಂದ ಹಂಗ ಮಾಡಂಗಿಲ್ಲ."

ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್ಕು ಹಿಡಿದಿದ್ದ, ನಾನು ಹೇಳಿದ್ದನ್ನು ಬರೆದುಕೊಳ್ಳಲು.

ನೀ ಏನೂ ತಪ್ಪು ಮಾಡಿಲ್ಲ ಎಂದೆ. ಅವನು ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತೇನೆ ಎಂದುಕೊಂಡ. "ಇಲ್ರಿ, ಏನರ ಮಾಡೇ ಇರ್ತೀನಿ. ನಾ ಏನ್ ಕಲ್ತಾಂವ ಅಲ್ಲ, ಅವ್ವ ಉಸುಕು ಹೊತ್ತಾಕಿ" ಎಂದ. ಆಗ ಎಲ್ಲವನ್ನೂ ಹೇಳಿದೆ: ಬಸ್ಸಿನ ಹಾರ್ನು, ಖಾಲಿ ಲಕೋಟೆ, ಕೇಳದೆ ಬಿಟ್ಟ ಅಂಕಿ. ಅವನು ನೋಟ್‌ಬುಕ್ಕಿನಲ್ಲಿ ಏನೂ ಬರೆದುಕೊಳ್ಳಲಿಲ್ಲ. "ನಿಮ್ಮ ಕಡಿಂದನೂ ಹಿಂಗ ಆಗ್ತದಲ್ರಿ" ಎಂದ. ಸಿಟ್ಟಿನಿಂದಲ್ಲ. ಒಂದು ಭಾರ ಇಳಿಸಿದವನ ಹಾಗೆ. ಆಮೇಲೆ ನಕ್ಕು, ಚಹಾ ಕುಡೀರಿ, ಮಾರಿ ಬಾಡೇತಿ ಎಂದ.

ಅಲ್ಲಿಂದಲೇ ಪರಾಂಜಪೆ ಸಾಹೇಬರಿಗೆ ಫೋನು ಮಾಡಿ ವರದಿ ತಡೆಯಿರಿ ಎಂದೆ. ಸಂಜೆ ಆಫೀಸಿಗೆ ಹೋಗಿ ಬೇರೆ ಬರೆದೆ. ಕಾರಣದ ಮನೆ ಸಾಲದೆ ಹಿಂದಿನ ಪುಟಕ್ಕೂ ಹೋಯಿತು. ಎರಡನೆಯ ಕೀಲಿ ಮಾಡದೆ ಬಿಟ್ಟವನು ನಾನು, ಕಾರ್ಡಿನ ಅಂಕಿ ಕೇಳದೆ ಸಂಖ್ಯೆ ಕೊಟ್ಟವನು ನಾನು, ತಂತಿಯ ಅರ್ಜಿ ತಡೆದವನೂ ನಾನು. ಸಾಹೇಬರು ಎರಡು ಸಲ ಓದಿದರು. ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ಎಂದು ಕೇಳಿದರು. ಹೇಳಿದೆ. ಇನ್ನೂ ಬಹಳ ಇದೆಯಲ್ಲ ಎಂದರು. ಆ ದಿನ ಚಹಾ ತರಿಸಲಿಲ್ಲ. ಆದರೂ ಕಾಗದಕ್ಕೆ ಸಹಿ ಹಾಕಿದರು. ಅದಕ್ಕಾಗಿ ಅವರ ಬಗ್ಗೆ ಇಂದಿಗೂ ಕೆಟ್ಟ ಮಾತು ಆಡಲಾರೆ.

ಸಿದ್ರಾಮಪ್ಪ ಒಂಬತ್ತು ದಿನ ಕುಳಿತು ಎಲ್ಲ ಚೀಲಗಳನ್ನೂ ಮತ್ತೆ ಅಳೆದ. ಪಾಟೀಲರು ತಮ್ಮ ಉಗ್ರಾಣ ಬಿಟ್ಟು ಬಂದು ಚೀಲ ಬಿಚ್ಚಿ ಕೊಟ್ಟರು. ತಟ್ಟೆಯ ವಿಚಾರ ತಮ್ಮದೆಂದು ಅವರಿಗೂ ಒಳಗೊಳಗೆ ಚುಚ್ಚುತ್ತಿತ್ತು. ಪರಿಶೀಲನೆಗೆ ಬಂದ ಹೆಣ್ಣುಮಗಳು ವರದಿ ಓದಿ ನನ್ನನ್ನು ಕರೆಸಿದಳು. ನನ್ನ ಮುರುಕು ಇಂಗ್ಲಿಷಿನಲ್ಲಿ ಅರ್ಧ ತಾಸು ನನ್ನ ತಪ್ಪನ್ನು ವಿವರಿಸಿದೆ. ತನ್ನ ತಪ್ಪನ್ನು ಇಷ್ಟು ವಿವರವಾಗಿ ಹೇಳುವವರು ಸಿಗುವುದು ಕಡಿಮೆ ಎಂದಳು. ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ಕಂಪ್ಯೂಟರ್ ವಿಭಾಗದ ಹೆಸರಿನ ಮುಂದೆ ಒಂದು ಕೆಂಪು ಗುರುತು ಬಿತ್ತು. ಅಳತೆಯ ಕೋಣೆಯ ಮುಂದೆ ಬೀಳಲಿಲ್ಲ. ಸಿದ್ರಾಮಪ್ಪ ಅಲ್ಲೇ ಉಳಿದ.

ಆಮೇಲೆ ನಮ್ಮ ಪದ್ಧತಿ ಬದಲಾಯಿತು. ಕಾರ್ಡಿನ ಮೇಲೆ ಹೆಸರು, ಫೋಟೋ ಅಚ್ಚಾದವು. ಫೋನಿನಲ್ಲಿ ಮೊದಲು ಅಂಕಿ, ಆಮೇಲೆ ಹೆಸರು. ಲಕೋಟೆಯನ್ನು ಅಂಟಿಸುವ ಮೊದಲು ಒಳಗಿನ ಸಂಕೇತಪದದಿಂದ ಡಿಸ್ಕು ಒಮ್ಮೆ ತೆರೆದು ನೋಡಲೇಬೇಕು, ಅದೂ ಇಬ್ಬರ ಎದುರಿಗೆ. ಹಿಂದಿನ ಶೆಡ್ಡಿಗೆ ತಂತಿಯೂ ಬಂತು. ಈಗ ಕೆಲವು ಕಡೆ ಕಾರ್ಡೂ ಹೋಗಿ, ಮಷೀನಿನೊಳಗಿನ ಚಿಪ್ಪೇ ಬೀಗ ತೆರೆಯುತ್ತದೆ ಎಂದು ನನ್ನ ಕುರ್ಚಿಗೆ ಬಂದ ತನ್ವಿ ಹೇಳುತ್ತಾಳೆ. ತೆರೆಯಲಿ. ಎರಡನೆಯ ಕೀಲಿ ಎಲ್ಲಿದೆ ಎಂದು ಕೇಳಿದೆ. ಇದೆ ಕಾಕಾ ಎಂದಳು. ನೋಡಿದ್ದೀಯಾ ಎಂದೆ. ನಾಳೆ ನೋಡುತ್ತೇನೆ ಎಂದಳು. ನಾಳೆ ಬೇಡ, ಬಸ್ಸಿಗೆ ಹೋಗುವ ಮೊದಲು ನೋಡು ಎಂದೆ.

ನಿವೃತ್ತನಾದ ಮೇಲೆ ಬಂದ ಮೊದಲ ಖಂಡೇನವಮಿಯಂದು ಬೆಳಿಗ್ಗೆ ಒಂಬತ್ತರೊಳಗೆ ಫೋನು ಬಡಿದುಕೊಂಡಿತು. ನೋಡಿದರೆ ಸಿದ್ರಾಮಪ್ಪ.

"ಅಣ್ಣಾರ, ಪೂಜಿ ಆತ್ರಿ. ಎಲ್ಲಾರ ಕಾರ್ಡೂ ಅವರವರ ಕಿಸೆದಾಗ ಅವ. ತಟ್ಟಿಯಾಗ ಬರೇ ಹೂವ ಅದಾವ."

ಸರಿ, ಮುಂದೆ ಹೇಳು ಎಂದು ಕಾದೆ. ಮಷೀನು ಯಾವುದು, ಪರದೆಯ ಮೇಲೆ ಏನು ಬಂದಿದೆ, ಎಷ್ಟು ಸಲ ಒತ್ತಿದ್ದಾರೆ. ಕೈ ತಾನಾಗಿ ಪೆನ್ನು ಹುಡುಕುತ್ತಿತ್ತು.

"ಮತ್ತೇನಾತೋ?" ಎಂದೆ.

"ಏನಿಲ್ರಿ," ಎಂದ. "ಇಷ್ಟ."